ಲಿಲ್ಲಿಬಾಯಿ ಗುಲಾಬಿಯಾದಳು, ಈಗ ಪಾಠ ಯಾರದ್ದು ಮಾಡೋದು?

ಪ್ರಶ್ನೆ: ನಾನು ಪದವಿ ತರಗತಿಗೆ ಕನ್ನಡ ಪಾಠ ಮಾಡುತ್ತೇನೆ. ಈ ಸಲ ವೈದೇಹಿಯವರ ‘ಗುಲಾಬಿ ಟಾಕೀಸು’ ಕಥೆ, ಶಿವರಾಮ ಕಾರಂತರ ‘ಚೋಮನ ದುಡಿ’ ಎರಡನ್ನೂ ಮಾಡಬೇಕು. ಹುಡುಗರು ಪುಸ್ತಕ ಮುಟ್ಟುವುದಿಲ್ಲ, ಮೊಬೈಲಿನಲ್ಲಿ ಸಿನಿಮಾ ನೋಡಿಕೊಂಡು ಬರುತ್ತಾರೆ. ‘ಗುಲಾಬಿ ಟಾಕೀಸು’ ಸಿನಿಮಾದಲ್ಲಂತೂ ಪಾತ್ರದ ಹೆಸರು, ಕಾಲ, ಊರು ಎಲ್ಲ ಬೇರೆ. ನಾಯಕಿಯನ್ನು ಮುಸ್ಲಿಂ ಹೆಂಗಸಾಗಿ ಮಾಡಿದ್ದಾರೆ. ಇದು ಲೇಖಕಿಗೆ ಮಾಡಿದ ಅನ್ಯಾಯ ಅಲ್ವಾ? ಇಂಥ ಸಿನಿಮಾವನ್ನು ಕ್ಲಾಸಿನಲ್ಲಿ ತೋರಿಸಬೇಕಾ, ಬೇಡವಾ? ತೋರಿಸೋದಾದರೆ ಹೇಗೆ?

ಉತ್ತರ: ಕೆಲವು ವರ್ಷಗಳ ಹಿಂದೆ ಪೇಪರು ತಿದ್ದುತ್ತಾ ಕೂತಿದ್ದೆ. ನೀವು ಹೇಳಿದ ಇದೇ ಕಥೆಯ ಮೇಲೆ ಹತ್ತು ಅಂಕದ ಪ್ರಶ್ನೆ. ಒಬ್ಬ ಹುಡುಗಿ ಚೆನ್ನಾಗಿಯೇ ಶುರು ಮಾಡಿದ್ದಳು. ಎರಡನೇ ಪುಟಕ್ಕೆ ಬರುವಷ್ಟರಲ್ಲಿ, ಹೆರಿಗೆ ಮಾಡಿಸಿದ್ದಕ್ಕೆ ನಾಯಕಿಗೆ ಕಲರ್ ಟೀವಿ ಉಡುಗೊರೆ ಬಂತು, ಜೊತೆಗೆ ಡಿಶ್ ಆಂಟೆನಾ. ಕಥೆಯಲ್ಲಿ ಟೀವಿ ಎಲ್ಲಿದೆ? ಸಣ್ಣ ಊರಿಗೆ ಟಾಕೀಸು ಬಂದ ಕಾಲದ ಕಥೆ ಅದು. ಕೆಂಪು ಪೆನ್ನು ಕೈಗೆ ಬಂತು. ಆದರೂ ಮುಂದಕ್ಕೆ ಓದಿದೆ. ಟೀವಿ ನೋಡಲು ಬಂದ ಹೆಂಗಸರು ಹೇಗೆ ಹತ್ತಿರವಾದರು, ಆಮೇಲೆ ಒಬ್ಬೊಬ್ಬರೇ ಹೇಗೆ ಬರುವುದು ಬಿಟ್ಟರು ಅಂತ ಎರಡು ಪುಟ ಬರೆದಿದ್ದಳು. ಕ್ಲಾಸಿನಲ್ಲಿ ನಾನು ಹೇಳಿದ್ದನ್ನು ಕಕ್ಕಿದವರ ಉತ್ತರಗಳಿಗಿಂತ ಅದು ಎಷ್ಟೋ ಮೇಲು. ಎಷ್ಟು ಅಂಕ ಕೊಟ್ಟೆ ಅನ್ನೋದನ್ನು ಇಲ್ಲಿ ಹೇಳಲ್ಲ.

ತಪ್ಪು ಅವಳದ್ದಷ್ಟೇ ಅಲ್ಲ ಅಂತ ಆಮೇಲೆ ಹೊಳೆಯಿತು. ಕಥೆ ಒಂದು, ಸಿನಿಮಾ ಇನ್ನೊಂದು ಅಂತ ನಾನು ಬಾಯಲ್ಲಿ ಹೇಳಿದ್ದೆ ಅಷ್ಟೇ. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ತೋರಿಸಿರಲಿಲ್ಲ.

ಹಾಗಾಗಿ ನಿಮಗೆ ಮೊದಲ ಉತ್ತರ: ತೋರಿಸಿ. ಖಂಡಿತ ತೋರಿಸಿ. ಕಥೆಯ ಬದಲಿಗೆ ಮಾತ್ರ ತೋರಿಸಬೇಡಿ. ಎರಡನೆಯದು, ‘ಸಿನಿಮಾ ಕಥೆಗೆ ನಿಷ್ಠವಾಗಿದೆಯಾ’ ಅನ್ನುವ ಪ್ರಶ್ನೆಯನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಆ ಪ್ರಶ್ನೆಗೆ ಹೌದು ಅಥವಾ ಇಲ್ಲ ಅಂತ ಉತ್ತರ ಬಂದ ಕೂಡಲೇ ಕ್ಲಾಸು ಮುಗಿದುಹೋಗುತ್ತದೆ. ಅದರ ಜಾಗದಲ್ಲಿ ನಾನು ಕೇಳುವುದು ಇಷ್ಟೇ: ಇದು ಮೊದಲು ಯಾರ ಕಥೆಯಾಗಿತ್ತು, ಈಗ ಯಾರ ಕಥೆಯಾಯಿತು? ಹೆಸರು ಬದಲಾದದ್ದು, ಧರ್ಮ ಬದಲಾದದ್ದು, ಟೀವಿ ಬಂದದ್ದು ಎಲ್ಲ ಈ ಪ್ರಶ್ನೆಯ ಒಳಗೇ ಬರುತ್ತದೆ.

‘ಗುಲಾಬಿ ಟಾಕೀಸು’ವನ್ನೇ ತಗೊಳ್ಳಿ. ವೈದೇಹಿಯವರ ಕಥೆಯಲ್ಲಿ ಗುಲಾಬಿ ಅನ್ನೋದು ಹೆಂಗಸಿನ ಹೆಸರಲ್ಲ, ಥಿಯೇಟರಿನ ಹೆಸರು. ಅದರ ಹೆಂಗಸರ ಬಾಗಿಲಲ್ಲಿ ನಿಲ್ಲುವವಳು ಲಿಲ್ಲಿಬಾಯಿ. ಅಡುಗೆಮನೆ ಬಿಟ್ಟು ಆಚೆ ಬರಲು ನೆಪ ಸಿಗದ ಹೆಂಗಸರಿಗೆ ಆ ಬಾಗಿಲು ಒಂದು ದಾರಿ. ಕತ್ತಲಲ್ಲಿ ಕೂತು ನಗಬಹುದು, ಅಳಬಹುದು, ಯಾರೂ ನೋಡುವುದಿಲ್ಲ. ಮನೆಗೆ ಹೋದ ಮೇಲೂ ಅದರ ಗುಂಗು ಬಿಡುವುದಿಲ್ಲ. ಊರಿನ ಹೆಂಗಸರೆಲ್ಲ ಸೇರಿ ಒಂದು ಪಾತ್ರ ಅನ್ನುವ ಹಾಗೆ ಕಥೆ ನಡೆಯುತ್ತದೆ.

ಗಿರೀಶ ಕಾಸರವಳ್ಳಿಯವರ ಸಿನಿಮಾ ಬಂದದ್ದು 2008ರಲ್ಲಿ. ಅದು ನಡೆಯುವುದು 1999ರ ಸುಮಾರಿಗೆ, ಕಾರ್ಗಿಲ್ ಯುದ್ಧದ ಸಮಯದಲ್ಲಿ, ಕರಾವಳಿಯ ಮೀನುಗಾರರ ನಡುವೆ. ಗುಲಾಬಿ ಈಗ ಒಬ್ಬ ಸೂಲಗಿತ್ತಿ, ಸಿನಿಮಾ ಅಂದರೆ ಪ್ರಾಣ ಬಿಡುವವಳು. ಗಂಡ ಇನ್ನೊಂದು ಮದುವೆಯಾಗಿ ದೂರ ಇದ್ದಾನೆ. ಟೀವಿ ಬಂದ ಮೇಲೆ ಅವಳ ಮನೆಯೇ ಟಾಕೀಸು. ಉಮಾಶ್ರೀಯವರಿಗೆ ಈ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು, ಬರಲೇಬೇಕಿತ್ತು. ಆ ಟೀವಿಯ ಮುಂದೆ ಕೂತಾಗ ಅವರ ಕಣ್ಣು ನೋಡಿ, ಗೊತ್ತಾಗುತ್ತದೆ.

ಈಗ ಪಕ್ಕಪಕ್ಕ ಇಡಿ. ಕಥೆಯಲ್ಲಿ ಪರದೆ ಇರುವುದು ಊರ ನಡುವೆ, ಹೆಂಗಸರು ಮನೆಯಿಂದ ಹೊರಗೆ ಬಂದು ಅಲ್ಲಿಗೆ ಹೋಗುತ್ತಾರೆ. ಸಿನಿಮಾದಲ್ಲಿ ಪರದೆಯೇ ಮನೆಯೊಳಗೆ ಬಂದು ಕೂರುತ್ತದೆ, ಅದೂ ಊರಿನವರು ಸುಮ್ನೆ ಹೋಗಿ ಕೂರಲು ಹಿಂದೆಮುಂದೆ ನೋಡುವಂಥ ಮನೆಯೊಳಗೆ. ಅದೇ ಪರದೆಯಲ್ಲಿ ಯುದ್ಧದ ಸುದ್ದಿಯೂ ಬರುತ್ತದೆ. ಹೊರಗೆ ಸಣ್ಣ ದೋಣಿಯವರಿಗೂ ದೊಡ್ಡ ಟ್ರಾಲರಿನವರಿಗೂ ಜಗಳ. ದುಡ್ಡಿನ ಜಗಳಕ್ಕೆ ನಿಧಾನವಾಗಿ ಧರ್ಮದ ಬಣ್ಣ ಬರುತ್ತದೆ. ನೇತ್ರು ಅನ್ನುವ ಹುಡುಗಿ ಕಾಣೆಯಾದ ಕೂಡಲೇ ಎಲ್ಲರ ಬೆರಳೂ ಗುಲಾಬಿಯ ಕಡೆಗೆ ತಿರುಗುತ್ತದೆ.

ನಾಯಕಿಯ ಧರ್ಮ ಬದಲಿಸದೆ ಈ ಕಥೆ ಹೇಳಲು ಆಗುತ್ತಿತ್ತಾ? ಇದನ್ನು ನಿಮ್ಮ ಹುಡುಗರನ್ನೇ ಕೇಳಿ. ನನ್ನ ಮಟ್ಟಿಗೆ ಆಗುತ್ತಿರಲಿಲ್ಲ. ಕಾಸರವಳ್ಳಿ ಕೇಳುತ್ತಿದ್ದ ಪ್ರಶ್ನೆ ವೈದೇಹಿ ಕೇಳಿದ ಪ್ರಶ್ನೆಯೇ ಅಲ್ಲ. ಹೆಂಗಸರಿಗೆ ತಮ್ಮದೇ ಅಂತ ಒಂದು ಕತ್ತಲು ಬೇಕಲ್ಲ, ಅದು ಎಲ್ಲಿ ಸಿಗುತ್ತದೆ ಅನ್ನೋದು ಕಥೆಯ ಚಿಂತೆ. ಜೊತೆಗೆ ಕೂತು ಟೀವಿ ನೋಡಿದವರೇ ಒಂದು ದಿನ ಹೇಗೆ ‘ನಾವು’ ‘ಅವರು’ ಆಗುತ್ತಾರೆ ಅನ್ನೋದು ಸಿನಿಮಾದ ಚಿಂತೆ. ಹೆಂಗಸರ ಕಥೆ ಅಲ್ಲಿ ಊರಿನ ಕಥೆಯಾಗಿದೆ. ಇದಕ್ಕೆ ಅನ್ಯಾಯ ಅನ್ನುವ ಮಾತು ಹೊಂದುವುದಿಲ್ಲ. ಒಬ್ಬರ ಅಂಗಳದ ಬಳ್ಳಿ ಕಿತ್ತು ಇನ್ನೊಬ್ಬರು ತಮ್ಮ ಮಣ್ಣಲ್ಲಿ ನೆಟ್ಟ ಹಾಗೆ ಇದು.

ಹಾಗಂತ ಕಳೆದುಕೊಂಡದ್ದು ಏನೂ ಇಲ್ಲ ಅಂತಲ್ಲ. ವೈದೇಹಿಯವರ ಕಥೆಯಲ್ಲಿ ಒಂದು ನಗು ಇದೆ. ಹೆಂಗಸರು ಗುಂಪಾಗಿ ಮಾತಾಡುವಾಗ ಬರುವ ಆ ತುಂಟ ನಗು, ಒಬ್ಬರ ಮಾತನ್ನು ಇನ್ನೊಬ್ಬರು ಅರ್ಧದಲ್ಲೇ ಎತ್ತಿಕೊಳ್ಳುವ ರೀತಿ. ಸಿನಿಮಾದಲ್ಲಿ ಅದು ತೆಳುವಾಗಿದೆ. ಸಿನಿಮಾದ ಮನಸ್ಸು ಭಾರವಾಗಿದೆ, ನಗಲು ಪುರುಸೊತ್ತಿಲ್ಲ. ಮಕ್ಕಳು ಬರೀ ಸಿನಿಮಾ ನೋಡಿ ಬಂದರೆ ವೈದೇಹಿ ಅಂದರೆ ಗಂಭೀರ ಲೇಖಕಿ ಅಂದುಕೊಳ್ಳುತ್ತಾರೆ. ನನಗೆ ಬೇಜಾರು ಆಗೋದು ಅದಕ್ಕೆ. ಟೀವಿ ಬಂದಿದ್ದಕ್ಕಲ್ಲ.

ಧರ್ಮದ ವಿಷಯ ಚರ್ಚೆಗೆ ಬಂದಾಗ ಒಂದು ಎಚ್ಚರ. ಕ್ಲಾಸಿನಲ್ಲಿ ಒಬ್ಬಳೋ ಇಬ್ಬರೋ ಮುಸ್ಲಿಂ ಹುಡುಗಿಯರು ಇರುತ್ತಾರೆ. ‘ನಿಮ್ಮಲ್ಲಿ ಹೀಗೇನಾ?’ ಅಂತ ಅವರ ಕಡೆ ತಿರುಗುವ ಚಟ ನಮಗೆ ಇದೆ. ನಾನೂ ಒಮ್ಮೆ ಹಾಗೆ ಕೇಳಿ, ಆ ಹುಡುಗಿ ತಲೆ ತಗ್ಗಿಸಿ ಕೂತಿದ್ದನ್ನು ನೋಡಿ ನಾಚಿಕೊಂಡಿದ್ದೇನೆ. ಗುಲಾಬಿ ಇಡೀ ಸಮುದಾಯದ ಪ್ರತಿನಿಧಿ ಅಲ್ಲ, ಆ ಹುಡುಗಿಯೂ ಅಲ್ಲ. ‘ಊರಿನವರು ಅವಳನ್ನು ಯಾವಾಗ ಮುಸ್ಲಿಂ ಅಂತ ನೋಡಲು ಶುರು ಮಾಡಿದರು? ಅದಕ್ಕೆ ಮುಂಚೆ ಏನಂತ ನೋಡುತ್ತಿದ್ದರು?’ ಅಂತ ಕೇಳಿ. ಸೂಲಗಿತ್ತಿ ಅಂತ, ಟೀವಿ ಇರುವವಳು ಅಂತ, ಸಿನಿಮಾ ಹುಚ್ಚಿ ಅಂತ. ಗುರುತು ಅನ್ನೋದು ಹುಟ್ಟಿನಿಂದ ಹಣೆಗೆ ಅಂಟಿಕೊಂಡು ಬಂದದ್ದೋ, ಜಗಳ ಬಂದಾಗ ಬೇರೆಯವರು ಅಂಟಿಸಿದ್ದೋ ಅನ್ನುವ ಚರ್ಚೆ ಆಮೇಲೆ ತಾನಾಗಿ ಶುರುವಾಗುತ್ತದೆ. ನೀವು ಸುಮ್ಮನಿದ್ದರೆ ಸಾಕು.

ಲೇಖಕರಿಗೆ ಸಿಟ್ಟು ಬರುವುದು ಹೊಸದೇನಲ್ಲ. 1972ರ ‘ನಾಗರಹಾವು’ ನೋಡಿ ತರಾಸು ಮುನಿಸಿಕೊಂಡಿದ್ದರು. ತಮ್ಮ ನಾಗರಹಾವನ್ನು ಪುಟ್ಟಣ್ಣ ಕಣಗಾಲ್ ಕೇರೆಹಾವು ಮಾಡಿದರು ಅಂತ ಅವರು ಹೇಳಿದರೆಂಬ ಮಾತು ಇವತ್ತಿಗೂ ಓಡಾಡುತ್ತದೆ. ಪುಟ್ಟಣ್ಣ ತರಾಸು ಅವರ ಮೂರು ಕಾದಂಬರಿಗಳನ್ನು, ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪ ಮತ್ಸರ’ ಮೂರನ್ನೂ ಸೇರಿಸಿ ಒಂದು ಸಿನಿಮಾ ಮಾಡಿದ್ದರು. ಲೇಖಕರ ಸಿಟ್ಟು ಅರ್ಥವಾಗುತ್ತದೆ. ಆದರೆ ರಾಮಾಚಾರಿ ಅಂದ ಕೂಡಲೇ ಕರ್ನಾಟಕದ ಮುಕ್ಕಾಲು ಪಾಲು ಜನರ ಕಣ್ಣಿಗೆ ಬರುವುದು ಚಿತ್ರದುರ್ಗದ ಬಂಡೆ, ವಿಷ್ಣುವರ್ಧನ್, ಚಾಮಯ್ಯ ಮೇಷ್ಟ್ರಾಗಿ ಅಶ್ವತ್ಥ್. ಈ ಮುಖಗಳನ್ನು ತೆಗೆದಿಟ್ಟು ಕಾದಂಬರಿ ಓದಿ ಅಂದರೆ ಆಗುವ ಮಾತಾ? ಮುಖಗಳು ಇರಲಿ. ಕಾದಂಬರಿಯ ರಾಮಾಚಾರಿ ಆ ಮುಖಕ್ಕೆ ಎಲ್ಲಿ ಹೊಂದುವುದಿಲ್ಲ ಅಂತ ಹುಡುಕಲು ಹೇಳಿ.

ಲೇಖಕರೇ ನಿರ್ದೇಶಕರಾದರೆ ಸರಿಹೋಗುತ್ತದೆ ಅನ್ನುವವರೂ ಇದ್ದಾರೆ. ಕಾರಂತರು ತಮ್ಮ ‘ಕುಡಿಯರ ಕೂಸು’ ಕಾದಂಬರಿಯನ್ನು ತಾವೇ ‘ಮಲೆಯ ಮಕ್ಕಳು’ ಅಂತ ಸಿನಿಮಾ ಮಾಡಿದರು. ಎಷ್ಟು ಜನ ನೋಡಿದ್ದಾರೆ? ಅದೇ ಕಾರಂತರ ‘ಚೋಮನ ದುಡಿ’ಯನ್ನು ಬಿ.ವಿ. ಕಾರಂತರು 1975ರಲ್ಲಿ ಮಾಡಿದಾಗ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಸ್ವರ್ಣಕಮಲ ಬಂತು. ಚೋಮನಾದ ಎಂ.ವಿ. ವಾಸುದೇವರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿಯೂ ಬಂತು. (ಇಬ್ಬರು ಕಾರಂತರನ್ನು ಒಬ್ಬರೇ ಅಂದುಕೊಂಡ ಉತ್ತರಪತ್ರಿಕೆಗಳನ್ನೂ ನಾನು ತಿದ್ದಿದ್ದೇನೆ. ಮೊದಲ ದಿನವೇ ಬೋರ್ಡಿನ ಮೇಲೆ ಬರೆದುಬಿಡಿ.)

‘ಚೋಮನ ದುಡಿ’ಗೆ ಜಾಸ್ತಿ ಸಮಯ ಕೊಡಿ. 1933ರ ಸಣ್ಣ ಕಾದಂಬರಿ, ಓದಿಸಲು ಸುಲಭ. ಸ್ವಂತ ಬೇಸಾಯ ಮಾಡಬೇಕು ಅನ್ನುವ ಒಂದೇ ಆಸೆ ಇರುವ, ಹೊಲೆಯನಾದ್ದರಿಂದ ಆ ಹಕ್ಕೇ ಇಲ್ಲದ ಮುದುಕನ ಕಥೆ. ಎತ್ತುಗಳಿವೆ, ನೆಲ ಇಲ್ಲ. ಧಣಿ ಸಂಕಪ್ಪಯ್ಯನಿಗೆ ಒಮ್ಮೆ ಮನಸ್ಸು ಕರಗಿದರೂ ಅವನ ತಾಯಿ ಬಿಡುವುದಿಲ್ಲ. ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಜ್ವರ ಹತ್ತಿಸಿಕೊಂಡು ಬಂದು ಸಾಯುತ್ತಾನೆ, ಇನ್ನೊಬ್ಬ ಅಲ್ಲೇ ಕ್ರೈಸ್ತನಾಗುತ್ತಾನೆ.

ಇದರಲ್ಲಿ ಎರಡೇ ಎರಡು ಜಾಗ ಆರಿಸಿಕೊಳ್ಳಿ. ಒಂದು, ಕ್ರೈಸ್ತನಾದರೆ ನೆಲ ಸಿಗುತ್ತದೆ ಅಂತ ಚೋಮ ಪಾದ್ರಿಯ ಕಡೆ ಹೊರಟು, ದಾರಿಯಲ್ಲಿ ತಾನು ನಂಬಿದ ಭೂತ, ಅಂದರೆ ತುಳುನಾಡಿನ ದೈವ, ಪಂಜುರ್ಲಿಯ ಗುಡಿ ಎದುರಾದಾಗ ಮುಂದೆ ಹೋಗಲಾರದೆ ತಿರುಗುವ ಸನ್ನಿವೇಶ. ಬದುಕಿಡೀ ಕಾದ ನೆಲ ಆಚೆ ಇದೆ, ತನ್ನ ಭೂತ ಈಚೆ ಇದೆ. ಆ ಭೂತವನ್ನು ನಂಬುವ ಊರೇ ಅವನಿಗೆ ನೆಲ ಕೊಡದ್ದು. ಗುರುತು ಅನ್ನುವ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಕನ್ನಡದಲ್ಲಿ ಸಿಕ್ಕಿಲ್ಲ. ಪುಟವನ್ನು ಜೋರಾಗಿ ಓದಿಸಿ, ಆಮೇಲೆ ಪುಸ್ತಕ ಮುಚ್ಚಿಸಿ ಕೇಳಿ: ಇಲ್ಲಿ ಕ್ಯಾಮೆರಾ ಎಲ್ಲಿಡುತ್ತೀರಿ? ಚೋಮನ ಹಿಂದೆಯಾ, ಮುಖದ ಎದುರಾ, ಗುಡಿಯ ಒಳಗಾ? ಗುಡಿಯ ಒಳಗಿಟ್ಟರೆ ಭೂತವೇ ಚೋಮನನ್ನು ನೋಡಿದ ಹಾಗಾಗುತ್ತದೆ. ಹಿಂದೆ ಇಟ್ಟರೆ ನಾವು ನೋಡುತ್ತೇವೆ, ಅವನ ಮುಖ ಕಾಣುವುದಿಲ್ಲ. ಸಿನಿಮಾ ಬಗ್ಗೆ ಏನೂ ಗೊತ್ತಿಲ್ಲದ ಹುಡುಗರೂ ಇದಕ್ಕೆ ಜಗಳ ಆಡುತ್ತಾರೆ. ಜಗಳ ಆಡಬೇಕಾದರೆ ಪುಟಕ್ಕೆ ಮತ್ತೆ ಹೋಗಲೇಬೇಕು. ನಮಗೆ ಬೇಕಾದದ್ದೂ ಅದೇ ತಾನೆ?

ಇನ್ನೊಂದು, ಚೋಮನ ಮಗ ನೀಲ ನೀರಲ್ಲಿ ಮುಳುಗುವುದು. ಮೇಲುಜಾತಿಯ ಯುವಕನೊಬ್ಬ ನೀರಿಗೆ ಇಳಿಯಲು ಹೊರಡುತ್ತಾನೆ, ಮುಳುಗುತ್ತಿರುವವನು ಹೊಲೆಯರ ಹುಡುಗ ಅಂತ ಉಳಿದವರು ತಡೆಯುತ್ತಾರೆ. ಇದನ್ನು ಓದಿಸಿದ ದಿನ ಕ್ಲಾಸು ಮೌನವಾಗುತ್ತದೆ. ಆ ಮೌನವನ್ನು ತುಂಬಲು ಹೋಗಬೇಡಿ. ಸಿನಿಮಾವನ್ನೂ ಆ ದಿನ ತೋರಿಸಬೇಡಿ.

ಮತ್ತೊಂದು ವಿಷಯವನ್ನು ಹುಡುಗರು ತಾವಾಗಿ ಗಮನಿಸುವುದಿಲ್ಲ. ಚೋಮ ತುಳುನಾಡಿನವನು. ಅವನ ಗುಡಿಸಲಲ್ಲಿ ಮಾತಾಡುವ ಭಾಷೆ ತುಳು. ಕಾದಂಬರಿಯಲ್ಲಿ ಅವನು ಕನ್ನಡ ಮಾತಾಡುತ್ತಾನೆ, ಸಿನಿಮಾದಲ್ಲೂ ಕನ್ನಡವೇ. ಅಂದರೆ ರೂಪಾಂತರ ಶುರುವಾದದ್ದು 1975ರಲ್ಲಿ ಅಲ್ಲ, 1933ರಲ್ಲೇ, ಲೇಖಕರ ಮೇಜಿನ ಮೇಲೆ. ಮೂಲ ಅಂತ ನಾವು ಕಣ್ಣಿಗೊತ್ತಿಕೊಳ್ಳುವ ಪುಸ್ತಕವೂ ಒಬ್ಬರ ಮಾತನ್ನು ಇನ್ನೊಬ್ಬರು ತಮ್ಮ ಭಾಷೆಗೆ ತಂದದ್ದೇ. ಚೋಮ ಬರೆದ ಕಥೆ ಅಲ್ಲ ಇದು. ಅವನ ಬಗ್ಗೆ ಹೊರಗಿನ ಒಬ್ಬರು ಬರೆದದ್ದು. ಚೋಮನದ್ದೇ ಅನ್ನಬಹುದಾದದ್ದು ಒಂದೇ, ದುಡಿ ಅನ್ನುವ ಆ ಚರ್ಮವಾದ್ಯ. ಕೊನೆಯಲ್ಲಿ ಎತ್ತುಗಳನ್ನು ಬಿಟ್ಟು, ನೇಗಿಲು ಮುರಿದು ಸುಟ್ಟು, ಬಾಗಿಲು ಹಾಕಿಕೊಂಡು ಬಾರಿಸುವ ದುಡಿ. ಅದಕ್ಕೆ ಯಾವ ಭಾಷೆಯೂ ಬೇಡ. ಸಿನಿಮಾ ಇಲ್ಲಿ ಪುಸ್ತಕಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಬಿ.ವಿ. ಕಾರಂತರು ಸಂಗೀತದವರು, ಆ ಸದ್ದನ್ನು ಕೇಳಿಸುವುದು ಅವರಿಗೆ ಗೊತ್ತು. ಈ ಭಾಗವನ್ನು ಪ್ರೊಜೆಕ್ಟರ್ ಮುಚ್ಚಿ, ಬರೀ ಸ್ಪೀಕರಿನಲ್ಲಿ ಕೇಳಿಸಿ. ಆಮೇಲೆ ಕಾದಂಬರಿಯ ಕೊನೆಯ ಪುಟ ಓದಿಸಿ. ಚಿತ್ರ ಯಾಕೆ ತೋರಿಸಲಿಲ್ಲ ಅಂತ ಯಾರೂ ಕೇಳುವುದಿಲ್ಲ.

ಹೊರಗಿನವರ ಕಣ್ಣು ಅಂದೆನಲ್ಲ, ‘ಸಂಸ್ಕಾರ’ವನ್ನೂ ಒಂದು ಮಾತಲ್ಲಿ ಹೇಳಿಬಿಡುತ್ತೇನೆ. ಅನಂತಮೂರ್ತಿಯವರ ಕಾದಂಬರಿ 1965ರದ್ದು, ಸಿನಿಮಾ 1970ರದ್ದು. ಮಾಧ್ವ ಅಗ್ರಹಾರದ ಒಳಗಿನ ಕಥೆ, ಬರೆದವರು ಆ ಲೋಕದಲ್ಲೇ ಬೆಳೆದವರು. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗು ಕವಿ. ಕ್ಯಾಮೆರಾ ಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯಾದವರು. ನಾಯಕ ಪ್ರಾಣೇಶಾಚಾರ್ಯನ ತಲೆಯೊಳಗೆ ಪುಟಗಟ್ಟಲೆ ನಡೆಯುವ ಹೊಯ್ದಾಟವನ್ನು ಕ್ಯಾಮೆರಾ ಹೇಳಲಾರದು, ಅದು ಆ ಪಾತ್ರ ಮಾಡಿದ ಗಿರೀಶ ಕಾರ್ನಾಡರ ಮುಖವನ್ನೇ ನೆಚ್ಚಿಕೊಳ್ಳಬೇಕು. ಅದರ ಬದಲಿಗೆ ಅಗ್ರಹಾರದ ಓಣಿ, ಜಗಲಿ, ಹೆಣ ಕೊಳೆಯುತ್ತಿದ್ದರೂ ಊಟಕ್ಕೆ ಹಪಹಪಿಸುವ ಮುಖಗಳು ಹತ್ತಿರದಿಂದ ಕಾಣುತ್ತವೆ. ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆದದ್ದು ಸಿನಿಮಾವನ್ನು. ಪುಸ್ತಕ ಐದು ವರ್ಷ ಆರಾಮಾಗಿ ಓಡಾಡಿಕೊಂಡಿತ್ತು. ಓದುವವರು ಕಡಿಮೆ, ನೋಡುವವರು ಜಾಸ್ತಿ ಅನ್ನೋದು ಸೆನ್ಸಾರಿನವರಿಗೂ ಗೊತ್ತಿತ್ತು ಅಂತ ಕಾಣುತ್ತದೆ.

2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬುಕರ್ ಬಂದ ಮೇಲೆ ಹುಡುಗರು ಅವರ ಕಥೆಗಳನ್ನು ಕೇಳಿಕೊಂಡು ಬರುತ್ತಿದ್ದಾರೆ. ‘ಗುಲಾಬಿ’ಯ ಜೊತೆ ಓದಿಸಲು ಅವರ ‘ಕರಿ ನಾಗರಗಳು’ ಬಹಳ ಚೆನ್ನಾಗಿ ಹೊಂದುತ್ತದೆ. ಕಾಸರವಳ್ಳಿ ಅದನ್ನೂ 2004ರಲ್ಲಿ ‘ಹಸೀನಾ’ ಅಂತ ಸಿನಿಮಾ ಮಾಡಿದ್ದಾರೆ, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ. ಅಲ್ಲಿ ಮುಸ್ಲಿಂ ಹೆಂಗಸಿನ ಕಥೆಯನ್ನು ಬರೆದವರು ಮುಸ್ಲಿಂ ಲೇಖಕಿ, ಸಿಟ್ಟು ಒಳಗಿನಿಂದ ಬಂದದ್ದು. ಗುಲಾಬಿಯನ್ನು ಮುಸ್ಲಿಂ ಮಾಡಿದವರು ನಿರ್ದೇಶಕರು. ಒಂದೇ ನಿರ್ದೇಶಕರ ಎರಡು ಸಿನಿಮಾ, ಎರಡರಲ್ಲೂ ಮಾತಾಡುವವರು ಬೇರೆ. ಇದು ಎಂ.ಎ. ಹುಡುಗರಿಗೆ ಒಳ್ಳೆಯ ಸೆಮಿನಾರು ವಿಷಯ. ಪದವಿ ಕ್ಲಾಸಿಗೆ ಸಮಯ ಸಾಲದು, ಬಿಡಿ.

ಸಮಯದ ಮಾತು ಬಂತು. ಒಂದು ಪೀರಿಯಡ್ಡಿನಲ್ಲಿ ಇಡೀ ಸಿನಿಮಾ ತೋರಿಸಲು ಆಗುವುದಿಲ್ಲ, ಎರಡು ಪೀರಿಯಡ್ಡು ಕೂಡಿಸಿ ತೋರಿಸಿದರೆ ಹಿಂದಿನ ಬೆಂಚು ನಿದ್ದೆ ಹೊಡೆಯುತ್ತದೆ. ಹತ್ತು ನಿಮಿಷದ ಮೇಲೆ ತೋರಿಸಲೇಬೇಡಿ. ಯಾವ ಹತ್ತು ನಿಮಿಷ ಅನ್ನೋದನ್ನು ಹಿಂದಿನ ರಾತ್ರಿ ನೀವೇ ನೋಡಿ ಗುರುತು ಹಾಕಿಕೊಳ್ಳಿ. ಮನೆಯಲ್ಲಿ ಇಡೀ ಸಿನಿಮಾ ನೋಡಿ ಬಂದವರನ್ನು ಬೈಯಬೇಡಿ, ಅವರು ನಿಮ್ಮ ಕೆಲಸ ಅರ್ಧ ಮಾಡಿದ್ದಾರೆ. ‘ನೀನು ನೋಡಿದ್ದರಲ್ಲಿ ಒಂದು ದೃಶ್ಯ ಪುಸ್ತಕದಲ್ಲಿ ಇಲ್ಲ, ಯಾವುದು ಹುಡುಕು’ ಅನ್ನಿ. ಪುಸ್ತಕ ಓದದೆ ಹುಡುಕುವುದು ಹೇಗೆ? ಬಡಪಾಯಿ, ಓದಲೇಬೇಕು.

ಪರೀಕ್ಷೆಗೂ ಇದೇ. ‘ಕಥೆಗೂ ಸಿನಿಮಾಕ್ಕೂ ಇರುವ ವ್ಯತ್ಯಾಸಗಳನ್ನು ಬರೆಯಿರಿ’ ಅಂದರೆ ಗೈಡಿನ ಪಟ್ಟಿ ಬರುತ್ತದೆ. ‘ಲಿಲ್ಲಿಬಾಯಿ ಸಿನಿಮಾದ ಗುಲಾಬಿಯ ಮನೆಗೆ ಟೀವಿ ನೋಡಲು ಬಂದರೆ ಎಲ್ಲಿ ಕೂರುತ್ತಾಳೆ, ಏನು ಮಾತಾಡುತ್ತಾಳೆ?’ ಅಂತ ಕೇಳಿ ನೋಡಿ. ಎರಡನ್ನೂ ಬಲ್ಲವರು ಮಾತ್ರ ಬರೆಯಬಲ್ಲರು. ನಾನು ಒಮ್ಮೆ ಕೇಳಿದ್ದೆ. ಒಬ್ಬ ಹುಡುಗ, ಲಿಲ್ಲಿಬಾಯಿ ಒಳಗೇ ಬರುವುದಿಲ್ಲ, ಅಭ್ಯಾಸಬಲದಿಂದ ಬಾಗಿಲಲ್ಲೇ ನಿಲ್ಲುತ್ತಾಳೆ ಅಂತ ಬರೆದಿದ್ದ.

ಕೊನೆಗೆ ಒಂದು ಚಿಕ್ಕ ವಿಷಯ. ‘ಗುಲಾಬಿ ಟಾಕೀಸು’ ಸಿನಿಮಾದ ಅಂತ್ಯದಲ್ಲಿ, ಗುಲಾಬಿ ಊರು ಬಿಟ್ಟು ಹೋದ ಮೇಲೆ, ಅದುವರೆಗೆ ಆ ಮನೆಗೆ ಕಾಲಿಡದ ಇಬ್ಬರು ಮುದುಕಿಯರು ಟೀವಿ ನೋಡಲು ಒಳಗೆ ಬರುತ್ತಾರೆ. ಅದನ್ನು ಪೀರಿಯಡ್ಡಿನ ಕೊನೆಯ ಐದು ನಿಮಿಷಕ್ಕೆ ಇಟ್ಟುಕೊಳ್ಳಿ. ತೋರಿಸಿ, ಏನೂ ಹೇಳದೆ ಲೈಟು ಹಾಕಿ, ಹಾಜರಿ ತಗೊಳ್ಳಿ. ಮಾತು ಮಾರನೇ ದಿನಕ್ಕಿರಲಿ. ಆ ದಿನ ವೈದೇಹಿಯವರ ಕಥೆಯ ಕೊನೆಯ ಪುಟದಿಂದ ಶುರು ಮಾಡಿ. ಅರ್ಧ ಕ್ಲಾಸು ಪುಸ್ತಕ ತಂದಿರುವುದಿಲ್ಲ, ನಾಲ್ಕು ಜೆರಾಕ್ಸ್ ಮಾಡಿಸಿ ಇಟ್ಟುಕೊಂಡಿರಿ.